ರೊಟ್ಟಿಗೊಂದು ಹೆಸರು

ರೊಟ್ಟಿ ಬಡಿಯುವಾಗ ಒಂದು ರೊಟ್ಟಿಗೆ ಒಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡುವುದು ನನಗೆ ಇಪ್ಪತ್ತು ವರ್ಷದ ರೂಢಿ. ಹಿಟ್ಟಿನ ಉಂಡೆ ಕೈಗೆ ಬಂದಾಗ ಹೆಸರು ಶುರು. ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿದ ಮೇಲೆ ತೆಗೆಯುವ ತನಕ ಆ ಒಬ್ಬರೇ. ಎಂಟು ರೊಟ್ಟಿಯಾದರೆ ಎಂಟು ಜನ. ಮೊನ್ನೆ ನಮ್ಮ ಚರ್ಚಿನ ಸಭೆಯ ಸ್ತ್ರೀಯರ ಕೂಟದಲ್ಲಿ ಇದನ್ನು ಹೇಳಿದೆ. ಆಮೇಲೆ ಎಳೆ ಕೂಸಿನ ತಾಯಿಯೊಬ್ಬಳು ಬಂದು ಕೈ ಹಿಡಿದಳು. "ಅಕ್ಕಾ, ಹೆರಿಗೆ ಆದಾಗಿನಿಂದ ನಾನು ಸರಿಯಾಗಿ ಪ್ರಾರ್ಥನೇನೇ ಮಾಡಿಲ್ಲ. ದೇವರಿಂದ ದೂರ ಹೋಗ್ಬಿಟ್ಟೆ ಅನ್ಸುತ್ತೆ" ಎಂದಳು. ಚಪ್ಪಲಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಅವಳಿಗೆ ಹೇಳಿದ ನಾಲ್ಕು ಮಾತು ನನಗೇ ಸಾಲಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಗದಗಿನ ಪಕ್ಕದ ಬೆಟಗೇರಿಯಲ್ಲಿ. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ. ಹಾಗಾಗಿ ನನ್ನ ವಿಶ್ವಾಸ ನನ್ನಿಂದ ಶುರುವಾದದ್ದಲ್ಲ, ಅಜ್ಜಿಯ ಅಜ್ಜಿಯಿಂದ ಬಂದದ್ದು. ಅಜ್ಜಿ ಹಾಡುತ್ತಿದ್ದ ಹಾಡುಗಳಲ್ಲಿ ಕೆಲವು ಜರ್ಮನ್ ಧಾಟಿಯವು, ಮಾತು ಮಾತ್ರ ಅಚ್ಚ ಕನ್ನಡ. ಆ ಧಾಟಿ ಹೊರಗಿನದು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಅಲ್ಲಿಯ ತನಕ ಅವು ನಮ್ಮ ಓಣಿಯ ಹಾಡುಗಳೇ ಆಗಿದ್ದವು.

ಅಪ್ಪ ಸಾಲಿ ಮಾಸ್ತರರು. ಜೊತೆಗೆ ನಾಲ್ಕು ಎಕರೆ ಎರೆ ಹೊಲ. ರಾತ್ರಿ ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಕೂತು ಪ್ರಾರ್ಥನೆ ಮಾಡಬೇಕು. ತಿಂಗಳಿಗೆ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಕೀರ್ತನೆ ಬಾಯಿಪಾಠ ಮಾಡಬೇಕು. 1, 23, 46, 91, 103, 121, ಹೀಗೆ. ಹತ್ತನೇ ಕ್ಲಾಸು ಮುಗಿಸುವ ಹೊತ್ತಿಗೆ ಇಪ್ಪತ್ತಕ್ಕೂ ಜಾಸ್ತಿ ಕೀರ್ತನೆಗಳು ನನ್ನ ಬಾಯಲ್ಲಿದ್ದವು. ಅರ್ಥ ಆಗಿತ್ತು ಅಂತ ಹೇಳಲಾರೆ. "ಈಗ ತುಂಬ್ಕೊ ಮಗಳ, ಮುಂದ ಬೇಕಾಗ್ತೈತಿ" ಅನ್ನುತ್ತಿದ್ದರು ಅಪ್ಪ.

ಅಪ್ಪ ಹಾಗೆ ಯಾಕೆ ಅನ್ನುತ್ತಿದ್ದರು ಅಂತ ತಿಳಿಯಬೇಕಾದರೆ ಹಿಂಗಾರಿ ಜೋಳ ಗೊತ್ತಿರಬೇಕು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೂರಿಗೆ ಹೂಡಿ ಬಿತ್ತುತ್ತಾರೆ. ಆಮೇಲೆ ಮಳೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಚಳಿ ಬೀಳುತ್ತದೆ. ಎರೆ ಮಣ್ಣು ಒಣಗಿ ಬಿರುಕು ಬಿಡುತ್ತದೆ. ಆದರೂ ಜೋಳ ಎದೆಮಟ್ಟ ಬೆಳೆದು ತೆನೆ ಹಿಡಿಯುತ್ತದೆ. ಮಳೆಗಾಲದಲ್ಲಿ ಆ ಕರಿ ಮಣ್ಣು ಕುಡಿದಿಟ್ಟ ತೇವ ಕೆಳಗಿರುತ್ತದೆ, ಬೇರು ಅದನ್ನು ಹುಡುಕಿಕೊಂಡು ಹೋಗುತ್ತದೆ. ಬಿರುಕು ಮುಚ್ಚಲಿ, ಇರುವ ತೇವ ಹಾರಿ ಹೋಗದಿರಲಿ ಅಂತ ಅಪ್ಪ ಮತ್ತೆ ಮತ್ತೆ ಎಡೆಕುಂಟೆ ಹೊಡೆಸುತ್ತಿದ್ದರು. ಮಳೆ ತರಿಸುವುದು ಅವರ ಕೈಯಲ್ಲಿರಲಿಲ್ಲ. ಎಡೆ ಹೊಡೆಸುವುದು ಅವರ ಕೈಯಲ್ಲಿತ್ತು.

ಹದಿನಾರು, ಹದಿನೇಳರ ವಯಸ್ಸು ನನಗೆ ಮುಂಗಾರು. ಸಭೆಯ ಪೂರ್ಣ ಸದಸ್ಯರಾಗುವ ಮುಂಚಿನ ದೃಢೀಕರಣದ ಕ್ಲಾಸು, ಯುವಜನರ ಶಿಬಿರ, ಗಿಟಾರು, ಕಣ್ಣೀರು. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಮೊಣಕಾಲೂರಿ ಪ್ರಾರ್ಥನೆ. ಸತ್ಯವೇದದ ತುಂಬ ಕೆಂಪು ಗೆರೆ. ಯೇಸು ಪಕ್ಕದಲ್ಲೇ ನಡೆಯುತ್ತಿದ್ದಾನೆ ಅನ್ನಿಸುವಷ್ಟು ಸಂತೋಷ. ಆ ಸಂತೋಷ ಸುಳ್ಳು ಅಂತ ನಾನು ಇವತ್ತಿಗೂ ಅನ್ನುವುದಿಲ್ಲ. ಆದರೆ ವಿಶ್ವಾಸ ಅಂದರೆ ಸದಾ ಹೀಗೇ ಇರುವುದು ಅಂದುಕೊಂಡುಬಿಟ್ಟೆ. ಮುಂದೆ ಹತ್ತು ವರ್ಷ ಅದರ ನೋವು ತಿಂದೆ.

1998ರಲ್ಲಿ ಮದುವೆಯಾಗಿ ಬೆಂಗಳೂರಿಗೆ ಬಂದೆ. 2001ರಲ್ಲಿ ನನ್ನ ಮೊದಲ ಮಗು ಐದನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತು.

ಒಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ನನ್ನ ತಲೆ ಮೇಲೆ ಕೈಯಿಟ್ಟು, ನಿನ್ನ ವಿಶ್ವಾಸ ಇನ್ನೂ ಸ್ವಲ್ಪ ಗಟ್ಟಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ ಅಂತ ಈಗ ನಂಬುತ್ತೇನೆ. ಆದರೆ ಆ ಮಾತು ತಪ್ಪು. ದುಃಖದಲ್ಲಿರುವವರಿಗೆ ಯಾರೂ, ಯಾವತ್ತೂ ಆ ಮಾತು ಹೇಳಬಾರದು. ಸತ್ಯವೇದದಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು, ಅಲ್ಲಿಯ ತನಕ ಒಳ್ಳೆಯ ಗೆಳೆಯರೇ ಆಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು.

ಆಗಲೂ ಐದಕ್ಕೇ ಏಳುತ್ತಿದ್ದೆ. ಮೊಣಕಾಲೂರಿದರೆ ಏನೂ ಬರುತ್ತಿರಲಿಲ್ಲ. ಗೋಡೆ ನೋಡುತ್ತಾ ಕೂರುವುದು, ಆಮೇಲೆ ನನ್ನನ್ನೇ ಬೈದುಕೊಳ್ಳುವುದು. ಹದಿನೇಳರ ಪ್ರಾರ್ಥನೆಯನ್ನೇ ಇಪ್ಪತ್ತೇಳರಲ್ಲಿ ಮಾಡಲು ಹೊರಟಿದ್ದೆ, ಮುಂಗಾರಿ ಬೀಜವನ್ನು ಹಿಂಗಾರಿಗೆ ಬಿತ್ತಿದ ಹಾಗೆ. ಒಂದು ಭಾನುವಾರ ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನು ಮಾಡಿ ಅತ್ತೆ. ಅವ್ವ ಹೆಚ್ಚು ಮಾತಾಡಲಿಲ್ಲ. "ಬಾಯಾಗ ಮಾತು ಬರವಲ್ವಂದ್ರ ಸುಮ್ನ ಕೂಡ್ರು. ಆತಗ ತಿಳೀತೈತಿ. ನಿನ್ನ ಸಲುವಾಗಿ ನಾವು ಮಾಡ್ತೇವಿ" ಎಂದಳು.

ನನ್ನ ಬದಲು ಇನ್ನೊಬ್ಬರು ಪ್ರಾರ್ಥನೆ ಮಾಡುತ್ತಿದ್ದಾರೆ, ನಾನು ಸುಮ್ಮನಿರಬಹುದು ಅನ್ನುವುದು ನನಗೆ ಹೊಸದು. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು, ಮನೆಯ ಚಾವಣಿ ಬಿಚ್ಚಿ ಕೆಳಗೆ ಇಳಿಸಿದ ಕತೆ ಮಾರ್ಕನ ಸುವಾರ್ತೆಯಲ್ಲಿದೆ. ಅಲ್ಲಿ ಯೇಸು ನೋಡಿದ್ದು 'ಅವರ' ವಿಶ್ವಾಸವನ್ನು. ಹಾಸಿಗೆಯ ಮೇಲೆ ಮಲಗಿದ್ದವನ ಬಾಯಿಂದ ಒಂದು ಮಾತೂ ಬಂದ ಹಾಗಿಲ್ಲ. ಆ ಕತೆ ಸಂಡೇ ಸ್ಕೂಲಿನಿಂದ ಗೊತ್ತಿತ್ತು. ಹಾಸಿಗೆಯ ಮೇಲೆ ಮಲಗಿ ಅದನ್ನು ಓದಿದ್ದು ಆಗಲೇ.

ಆ ವರ್ಷ ಎರಡು ಕೆಲಸ ಮಾಡಿದೆ. ಮೊದಲನೆಯದು, ಬಾಯಿಪಾಠ ಇದ್ದ ಕೀರ್ತನೆಗಳನ್ನು ಸುಮ್ನೆ ಹೇಳುವುದು. ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗ. ಭಾವನೆ ಇಲ್ಲದಿದ್ದರೂ ಸರಿ. ನನ್ನ ಹತ್ತಿರ ಮಾತು ಇರಲಿಲ್ಲ, ಅಪ್ಪ ತುಂಬಿಸಿಟ್ಟ ಮಾತು ಕೆಳಗೆಲ್ಲೋ ಇತ್ತು.

ಎರಡನೆಯದು ಕಲಿಸಿದವರು ನಮ್ಮ ಆಗಿನ ಅಯ್ಯನವರು, ಅಂದರೆ ಸಭೆಯ ಪಾಸ್ಟರು. ಕೀರ್ತನೆಗಳಲ್ಲಿ ಗೋಳು ತೋಡಿಕೊಳ್ಳುವ ಹಾಡುಗಳು ಎಷ್ಟೊಂದು ಇವೆ ಅಂತ ಅವರು ತೋರಿಸಿದರು. ಅವುಗಳಿಗೆ ಹೆಚ್ಚುಕಡಿಮೆ ಒಂದೇ ನಡೆ. ಮೊದಲು ದೇವರನ್ನು ಹೆಸರಿಡಿದು ಕರೆಯುವುದು. ಆಮೇಲೆ ಆದದ್ದನ್ನು ಇದ್ದ ಹಾಗೆ ಹೇಳುವುದು. ಆಮೇಲೆ ಬೇಕಾದದ್ದನ್ನು ಕೇಳುವುದು. ಕೊನೆಗೆ, ಆದರೂ ನಿನ್ನನ್ನು ನಂಬುತ್ತೇನೆ ಅನ್ನುವುದು. ಇದೇ ಸಾಲಿನಲ್ಲಿ ನಿನ್ನದೊಂದು ಬರಿ ಅಂದರು. ಇನ್ನೂರು ಪುಟದ ನೋಟ್‌ಬುಕ್ಕು ತಂದೆ. ಮೊದಲ ಮೂರು ಭಾಗ ಒಂದೇ ರಾತ್ರಿ ಬರೆದೆ. ಕೋಪವನ್ನೂ ಬರೆದೆ. ನಾಲ್ಕನೆಯದು ಬರೆಯಲಾಗಲಿಲ್ಲ. ಅಯ್ಯನವರಿಗೆ ಹೇಳಿದಾಗ ಅವರು 88ನೇ ಕೀರ್ತನೆ ತೆಗೆದು ಮುಂದಿಟ್ಟರು. ಅದು ಕತ್ತಲಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಒಂದು ಸಮಾಧಾನದ ಸಾಲೂ ಇಲ್ಲ. "ಇದೂ ಸತ್ಯವೇದದಲ್ಲೇ ಇದೆಯಮ್ಮ. ಜಾಗ ಖಾಲಿ ಬಿಡು" ಎಂದರು.

ಏಳು ತಿಂಗಳು ಖಾಲಿ ಬಿಟ್ಟೆ. ನಾಲ್ಕನೇ ಭಾಗ ಬರೆದ ದಿನ ವಿಶೇಷವಾದದ್ದೇನೂ ಆಗಿರಲಿಲ್ಲ. ಹೊರಗೆ ಮಳೆ ಬರುತ್ತಿತ್ತು, ಬಟ್ಟೆ ತರಲು ಮಹಡಿಗೆ ಓಡಿದೆ, ಕೆಳಗೆ ಬಂದು ಎರಡು ಸಾಲು ಬರೆದೆ. ಅಷ್ಟೇ. ಆ ನೋಟ್‌ಬುಕ್ಕು ಇನ್ನೂ ಇದೆ.

ಮಕ್ಕಳು ಹುಟ್ಟಿದ್ದು 2003ರಲ್ಲಿ, 2005ರಲ್ಲಿ. ಆಗ ಕಷ್ಟ ಬೇರೆ ಥರ. ದುಃಖ ಇಲ್ಲ, ನಿದ್ದೆ ಇಲ್ಲ. ಆ ತಾಯಿಗೆ ನಾನು ಹೇಳಬೇಕೆಂದಿದ್ದು ಇದನ್ನೇ. ಸತ್ಯವೇದದ ಪ್ರವಾದಿ ಎಲೀಯನು ಸಾಕಪ್ಪಾ ಸಾಕು ಅಂತ ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡಾಗ ದೇವರು ಅವನಿಗೆ ಉಪದೇಶ ಮಾಡಲಿಲ್ಲ. ದೂತನನ್ನು ಕಳಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತುಕತೆ ಎಲ್ಲ ಆಮೇಲೆ. ನಿನ್ನ ಕೂಸು ಮಲಗಿದಾಗ ನೀನೂ ಮಲಗು ತಂಗಿ. ದೇವರು ಅದನ್ನು ಲೆಕ್ಕಕ್ಕೆ ಬರೆದಿಟ್ಟುಕೊಳ್ಳುವುದಿಲ್ಲ.

ರೊಟ್ಟಿಯ ಪ್ರಾರ್ಥನೆ ಶುರುವಾದದ್ದು ಆ ದಿನಗಳಲ್ಲಿ. ಒಂದು ಗಂಟೆ ಸಿಗುವುದಿಲ್ಲ ಅಂತ ಅಳುವ ಬದಲು, ಹೇಗೂ ಮಾಡಲೇಬೇಕಾದ ಕೆಲಸಕ್ಕೆ ಪ್ರಾರ್ಥನೆ ಕಟ್ಟಿದೆ. ಕೈ ತನ್ನ ಪಾಡಿಗೆ ತಾನು ಬಡಿಯುತ್ತದೆ, ಮನಸ್ಸು ಖಾಲಿ ಇರುತ್ತದೆ. ಹೆಸರು ಹೇಳಿ, ಅವರಿಗೇನು ಬೇಕೋ ಅದನ್ನು ಒಂದು ವಾಕ್ಯದಲ್ಲಿ ಕೇಳುವುದು. ಹೆಸರುಗಳು ಮರೆಯಬಾರದು ಅಂತ ಹಿಟ್ಟಿನ ಡಬ್ಬಿಯ ಮುಚ್ಚಳದ ಒಳಗೆ ಚೀಟಿ ಅಂಟಿಸಿದೆ. ಮೊದಲು ಮನೆಯವರು. ಆಮೇಲೆ ಸಭೆಯವರು, ಪಕ್ಕದ ಮನೆಯವರು. ಮೂರು ವರ್ಷದ ಮೇಲೆ ಒಂದು ದಿನ, ನನ್ನ ವಿಶ್ವಾಸ ಕಡಿಮೆ ಅಂದಿದ್ದವರ ಹೆಸರನ್ನೂ ಆ ಚೀಟಿಯಲ್ಲಿ ಬರೆದೆ. ಮೊದಲ ಕೆಲವು ದಿನ ಅವರ ರೊಟ್ಟಿ ಹರಿದು ಹೋಗುತ್ತಿತ್ತು, ಕೈ ಅಷ್ಟು ಬಿಗಿ ಆಗುತ್ತಿತ್ತು. ಕ್ಷಮಿಸುವುದು ನನಗೆ ಬಂದದ್ದು ಹಾಗೆ, ದಿನಕ್ಕೊಂದು ರೊಟ್ಟಿಯ ಲೆಕ್ಕದಲ್ಲಿ.

2009ರಲ್ಲಿ ಯಜಮಾನರ ಕೆಲಸ ಹೋಯಿತು. ಹನ್ನೊಂದು ತಿಂಗಳು ನನ್ನ ಟೀಚರ್ ಸಂಬಳದಲ್ಲೇ ಮನೆ ನಡೆಯಿತು. ಸಭೆಯ ಹಿರಿಯಕ್ಕ ಒಬ್ಬರು ತಿಂಗಳ ಮೊದಲ ಶನಿವಾರ ಅಕ್ಕಿ, ಬೇಳೆ ತಂದು ಬಾಗಿಲಲ್ಲಿಟ್ಟು, ಒಳಗೂ ಬರದೆ ಹೋಗುತ್ತಿದ್ದರು. ಕೊಡುವುದು ಚಿಕ್ಕಂದಿನಿಂದ ಗೊತ್ತಿತ್ತು. ತೆಗೆದುಕೊಳ್ಳುವುದನ್ನು ಅವರು ಕಲಿಸಿದರು.

ನಮ್ಮ ಸಭೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ದೇವರು ತಮಗೇನು ಮಾಡಿದ ಅಂತ ಎಲ್ಲರೆದುರು ಸಾಕ್ಷಿ ಹೇಳಲು ನಾವು ಗೆದ್ದವರನ್ನೇ ಎಬ್ಬಿಸುತ್ತೇವೆ. ಕಾಯಿಲೆ ವಾಸಿಯಾದವರು, ಕೆಲಸ ಸಿಕ್ಕವರು. ಇನ್ನೂ ಕಾಯುತ್ತಿರುವವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ಅವರಿಗೂ ಸಾಕ್ಷಿ ಇದೆ, ಅಲ್ವಾ? ಆ ಹನ್ನೊಂದು ತಿಂಗಳ ನಡುವೆ, ಏನೂ ಸರಿಹೋಗದೇ ಇದ್ದಾಗಲೇ, ನಾನು ಒಮ್ಮೆ ಎದ್ದು ನಿಂತು, "ಇನ್ನೂ ಕೆಲಸ ಸಿಕ್ಕಿಲ್ಲ. ನಾವು ಇನ್ನೂ ಬರುತ್ತಿದ್ದೇವೆ. ಸ್ತೋತ್ರ" ಎಂದಷ್ಟೇ ಹೇಳಿ ಕೂತೆ. ಆರಾಧನೆ ಮುಗಿದ ಮೇಲೆ ಮೂರು ಜನ ಬಂದು ತಮ್ಮ ಕಷ್ಟ ಹೇಳಿಕೊಂಡರು.

ಸಭೆಯ ಪಂಚಾಂಗವನ್ನು ನಾನು ಗಮನವಿಟ್ಟು ನೋಡಲು ಶುರು ಮಾಡಿದ್ದೂ ಆಗಲೇ. ಕ್ರಿಸ್‌ಮಸ್‌ಗೆ ಮುಂಚೆ ನಾಲ್ಕು ಭಾನುವಾರ ಆಗಮನ ಕಾಲ. ಬೂದಿ ಬುಧವಾರದಿಂದ ಭಾನುವಾರಗಳನ್ನು ಬಿಟ್ಟು ನಲವತ್ತು ದಿನ ಶ್ರಮೆಯ ಕಾಲ. ಈಸ್ಟರ್‌ನಿಂದ ಐವತ್ತನೇ ದಿನಕ್ಕೆ ಪೆಂತೆಕೊಸ್ತು, ಪವಿತ್ರಾತ್ಮ ಇಳಿದು ಬಂದದ್ದರ ಹಬ್ಬ. ಆಮೇಲೆ ಸುಮಾರು ಅರ್ಧ ವರ್ಷ ದೊಡ್ಡ ಹಬ್ಬವಿಲ್ಲ. ಪೆಂತೆಕೊಸ್ತಿನ ನಂತರದ ಇಷ್ಟನೇ ಭಾನುವಾರ, ಅಷ್ಟನೇ ಭಾನುವಾರ ಅಂತ ಎಣಿಸುತ್ತಾ ಇಪ್ಪತ್ತು ದಾಟುತ್ತದೆ. ಚಿಕ್ಕವಳಿದ್ದಾಗ ಅದು ಬೇಸರದ ಕಾಲ. ಈಗ ನೋಡಿದರೆ, ಪೆಂತೆಕೊಸ್ತು ಬರುವುದು ಮೇ ನಡುವಿನಿಂದ ಜೂನ್ ನಡುವೆ, ಹೆಚ್ಚುಕಡಿಮೆ ಮುಂಗಾರಿನ ಹೊತ್ತಿಗೆ. ಅಲ್ಲಿಂದ ಆಗಮನ ಕಾಲದ ತನಕ ನಮ್ಮ ಊರ ಕಡೆ ಹೊಲದ ಕೆಲಸ ಬಿಡುವಿಲ್ಲದೆ ನಡೆಯುತ್ತದೆ. ಮುಂಗಾರಿ ಬಿತ್ತನೆ, ಕಳೆ, ಹಿಂಗಾರಿ ಬಿತ್ತನೆ, ಎಡೆ ಹೊಡೆಯುವುದು. ಹಬ್ಬವಿಲ್ಲದ ಆ ಉದ್ದನೆಯ ಕಾಲವನ್ನು ನಾನು ಈಗ ತುಂಬ ಪ್ರೀತಿಸುತ್ತೇನೆ. ಹೊಸ ಕೀರ್ತನೆ ಬಾಯಿಪಾಠ ಮಾಡುವುದು ಆಗಲೇ. ವರ್ಷಕ್ಕೆ ಎರಡೇ. ವಯಸ್ಸಾದ ಮೇಲೆ ನಿಧಾನ, ಆದರೂ ಬಿಟ್ಟಿಲ್ಲ.

ಅಪ್ಪ ಹೋದದ್ದು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ. ಆ ವರ್ಷ ಈಸ್ಟರ್ 12ನೇ ತಾರೀಖು. ಅದಾಗಿ ಐದು ದಿನಕ್ಕೆ. ಬೆಂಗಳೂರಿನಿಂದ ಹೋಗಲಾಗಲಿಲ್ಲ. ತಮ್ಮ ಫೋನು ಹಿಡಿದು ತೋರಿಸಿದ, ನಾನು ಅಡುಗೆಮನೆಯಲ್ಲಿ ನಿಂತು ನೋಡಿದೆ. ಸಮಾಧಿಯ ಹತ್ತಿರ ಬೆರಳೆಣಿಕೆಯ ಜನ. ಅಯ್ಯನವರು 121ನೇ ಕೀರ್ತನೆ ಓದುವಾಗ ನೆಟ್‌ವರ್ಕ್ ಹೋಯಿತು. ಉಳಿದದ್ದನ್ನು ನಾನು ಬಾಯಲ್ಲೇ ಹೇಳಿ ಮುಗಿಸಿದೆ. ಅಪ್ಪ ತುಂಬಿಸಿದ್ದನ್ನೇ ಅಪ್ಪನಿಗೆ ಹೇಳಿ ಕಳಿಸಿದೆ. ಆ ಸಲ ನಾನು ಸುಮ್ಮನಾಗಲು, ಅಳಲು, ಕೋಪಿಸಿಕೊಳ್ಳಲು ಹೆದರಲಿಲ್ಲ. ನೋಟ್‌ಬುಕ್ಕು ತೆಗೆದು ಮತ್ತೆ ಮೂರು ಭಾಗ ಬರೆದೆ, ನಾಲ್ಕನೆಯದಕ್ಕೆ ಜಾಗ ಬಿಟ್ಟೆ.

ಅವ್ವ ಈಗ ನನ್ನ ಜೊತೆಗಿದ್ದಾಳೆ. ಮರೆವು ಜಾಸ್ತಿಯಾಗಿದೆ. ನನ್ನನ್ನು ಒಮ್ಮೊಮ್ಮೆ ತನ್ನ ಅಕ್ಕ ಅಂದುಕೊಳ್ಳುತ್ತಾಳೆ. ಅಪ್ಪ ಹೋದದ್ದು ನೆನಪಿಲ್ಲ, ಹೊಲಕ್ಕೆ ಹೋಗಿದ್ದಾರೆ ಅನ್ನುತ್ತಾಳೆ. ನಾನು ತಿದ್ದುವುದಿಲ್ಲ. ಆದರೆ ಸಂಜೆ "ಯೆಹೋವನು ನನಗೆ ಕುರುಬನು" ಅಂತ ನಾನು ಶುರು ಮಾಡಿದರೆ, ಮುಂದಿನದನ್ನು ಕೊನೆಯ ತನಕ ಒಂದು ಮಾತೂ ತಪ್ಪದೆ ತಾನೇ ಹೇಳುತ್ತಾಳೆ. ಜರ್ಮನ್ ಧಾಟಿಯ ಹಾಡುಗಳನ್ನೂ ಪೂರ್ತಿ ಹಾಡುತ್ತಾಳೆ. ನನ್ನ ಪ್ರಾರ್ಥನೆ ಈಗ ಹೆಚ್ಚಾಗಿ ಅವಳ ಹಿಂದೆ ದನಿ ಸೇರಿಸುವುದೇ.

ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ನಾನು ಬಾಯಿಬಿಟ್ಟು ಹೆಸರು ಹೇಳುತ್ತೇನೆ, ಅವಳು ಪ್ರತಿ ಹೆಸರಿಗೂ "ಆಮೆನ್" ಅನ್ನುತ್ತಾಳೆ. ನಿನ್ನೆ ರಾತ್ರಿ ಕೊನೆಯ ಉಂಡೆ ಕೈಗೆ ತೆಗೆದುಕೊಂಡಾಗ ಕೇಳಿದಳು, "ಇದು ಯಾರದಬೇ?"

"ನಿಂದವ್ವಾ."

"ಹಂಗಾರ ಸಣ್ಣಗ ಬಡಿ. ಅವರು ಹೊಲದಿಂದ ಬರ್ತಾರ, ಅರ್ಧ ಅವರಿಗಿಡೂನು."