ಬಚ್ಚಲಿನ ವಾಟ ಹೊರಗಿನಿಂದ ಶುರು

ಮನೆಯ ಉಗ್ರಾಣವನ್ನೋ ಮೂಲೆಯ ಕೋಣೆಯನ್ನೋ ಬಚ್ಚಲುಮನೆ ಮಾಡಿಕೊಳ್ಳುವವರು ಈಗ ಜಾಸ್ತಿ. ವಯಸ್ಸಾದವರಿಗೆ ರಾತ್ರಿ ಹಿತ್ತಲಿಗೆ ಹೋಗುವುದು ಕಷ್ಟ, ಅಲ್ವಾ? ಗೋಡೆಗೆ ಶವರ್ ಸಿಕ್ಕಿಸುವುದು ಅರ್ಧ ದಿನದ ಕೆಲಸ. ಕಾಂಕ್ರೀಟ್ ನೆಲ ಒಡೆದು ಆ ನೀರಿಗೆ ದಾರಿ ಮಾಡುವುದೇ ದೊಡ್ಡ ಕೆಲಸ. ಇಲ್ಲಿ ಹೇಳುತ್ತಿರುವುದು ನೆಲಮಹಡಿಯ ಮಾತು, ಅಂದರೆ ಕಾಂಕ್ರೀಟಿನ ಕೆಳಗೆ ಮಣ್ಣಿರುವ ಕಡೆ.

ಸುತ್ತಿಗೆ ಹಿಡಿಯುವ ಮೊದಲು ಮನೆಯ ಹೊರಗೆ ಹೋಗಿ. ಬಚ್ಚಲ ನೀರು ಸೇರಬೇಕಾದ ಚೇಂಬರಿನ ಮುಚ್ಚಳ ತೆಗೆದು ಆಳ ನೋಡಿ. ಲೆಕ್ಕ ಅಲ್ಲಿಂದ ಒಳಗೆ ಬರಬೇಕು. ಪೈಪಿಗೆ ಒಂದು ಮೀಟರಿಗೆ 2 ಸೆಂ.ಮೀ. ವಾಟ, ಅಂದರೆ ಇಳಿಜಾರು, ಇಟ್ಟುಕೊಳ್ಳಿ. ಚೇಂಬರ್ 3 ಮೀಟರ್ ದೂರ ಇದ್ದರೆ ಪೈಪು 6 ಸೆಂ.ಮೀ. ಇಳಿಯಬೇಕು. ಅದರ ಮೇಲೆ ಟ್ರ್ಯಾಪಿನ (ಬಚ್ಚಲ ನೀರು ಇಳಿದು ಪೈಪಿಗೆ ಹೋಗುವ, ನೆಲದಲ್ಲಿ ಹುಗಿಯುವ ಬಟ್ಟಲಿನ) ಎತ್ತರ, ಗಾರೆ, ಟೈಲ್ಸ್ ಎಲ್ಲ ಕೂಡಿಸಿ. ಚೇಂಬರ್ ಅಷ್ಟು ಆಳ ಇಲ್ಲದಿದ್ದರೆ ಬಚ್ಚಲಿನ ನೆಲ ಎತ್ತರಿಸಬೇಕಾಗುತ್ತದೆ. ಅಜ್ಜಿಗಾಗಿ ಮಾಡುತ್ತಿರುವ ಬಚ್ಚಲಿಗೆ ಮೆಟ್ಟಿಲು ಬಂದರೆ ಏನು ಪ್ರಯೋಜನ? ಹಾಗಾಗಿ ಈ ಲೆಕ್ಕ ಮೊದಲೇ ಆಗಬೇಕು.

ಅಂಗಡಿಯಲ್ಲಿ ನಹಾನಿ ಟ್ರ್ಯಾಪ್ ಎಂದು ಕೇಳಿ. ಮರಾಠಿಯಲ್ಲಿ ನ್ಹಾಣಿ ಅಂದರೆ ಬಚ್ಚಲೇ. ಮೇಲಿನ ಬಾಯಿ 4 ಇಂಚು, ನೀರು ಹೊರಗೆ ಹೋಗುವ ಕಡೆ 3 ಇಂಚು ಇರುವುದು ಮನೆಗೆ ಸಾಕು. ಅದರೊಳಗೆ ಯಾವಾಗಲೂ 5 ಸೆಂ.ಮೀ.ನಷ್ಟು ನೀರು ನಿಂತಿರಬೇಕು. ಮೋರಿಯ ವಾಸನೆಯನ್ನು ತಡೆಯುವುದು ಆ ನೀರೇ. ನೀರು ನಿಲ್ಲುವ ಭಾಗ ಚಿಕ್ಕದಾಗಿರುವ ಅಗ್ಗದ ಟ್ರ್ಯಾಪ್ ತಂದು ಆಮೇಲೆ ಮೂಗು ಮುಚ್ಚಿಕೊಳ್ಳಬೇಡಿ.

ಇನ್ನು ಒಡೆಯುವುದು. ನೆಲದಡಿ ಕರೆಂಟಿನ ವೈರು, ನೀರಿನ ಪೈಪು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಪೈಪು ಹೋಗುವ ದಾರಿಯ ಎರಡೂ ಬದಿಗೆ ಕಟ್ಟರಿನಿಂದ ಗೆರೆ ಕೊಯ್ದುಕೊಂಡು, ನಡುವಿನದನ್ನು ಬ್ರೇಕರಿನಿಂದ ಒಡೆದರೆ ಅಂಚು ನೇರವಾಗಿ ಬರುತ್ತದೆ. ಸುಮ್ನೆ ಸುತ್ತಿಗೆಯಿಂದ ಬಡಿದರೆ ಬಿರುಕು ಪಕ್ಕದ ಕೋಣೆಗೂ ಹೋಗಬಹುದು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಪಾಯದ ಬೆಲ್ಟ್ (ಗೋಡೆಯಡಿಯ ಕಾಂಕ್ರೀಟ್ ತೊಲೆ) ಅಡ್ಡ ಬಂದರೆ ಅದರ ಕಂಬಿ ಕತ್ತರಿಸಬೇಡಿ. ಎಂಜಿನಿಯರನ್ನು ಕರೆಯಿರಿ.

ಗುಂಡಿಯ ತಳವನ್ನು ದಿಮ್ಮಸು ಹಾಕಿ ಗಟ್ಟಿ ಮಾಡಿ. ಸಡಿಲ ಮಣ್ಣಿನ ಮೇಲೆ ಕೂತ ಪೈಪು ವರ್ಷದೊಳಗೆ ಜಗ್ಗುತ್ತದೆ. ಮೇಲೆ ಮರಳು ಹರಡಿ, ಪೈಪಿಟ್ಟು ಮಟ್ಟಗೋಲಿನಿಂದ ವಾಟ ನೋಡಿ. ಜಾಯಿಂಟುಗಳನ್ನು ಒರೆಸಿ, ಸಾಲ್ವೆಂಟ್ (ಪೈಪಿನ ಅಂಟು) ಹಚ್ಚಿ ಕೂಡಿಸಿ. ಅದು ಪೂರ್ತಿ ಗಟ್ಟಿಯಾದ ಮೇಲೆ ಹೊರಗಿನ ತುದಿಗೆ ಬಿರಡೆ ಹಾಕಿ, ಟ್ರ್ಯಾಪಿನ ಬಾಯಿವರೆಗೆ ನೀರು ತುಂಬಿಸಿ ಒಂದು ಗಂಟೆ ಬಿಡಿ. ನೀರು ಇಳಿಯದಿದ್ದರೆ ಮಾತ್ರ ಮುಚ್ಚುವ ಮಾತು.

ಪ್ಲಾಸ್ಟಿಕ್ಕಿಗೂ ಸಿಮೆಂಟಿಗೂ ಅಷ್ಟಾಗಿ ನೆಂಟಸ್ತನವಿಲ್ಲ. ಬಚ್ಚಲು ಸೋರುವುದು ಹೆಚ್ಚಾಗಿ ಟ್ರ್ಯಾಪಿನ ಸುತ್ತಲೇ. ಇದಕ್ಕೆ ಪ್ಲಂಬರುಗಳ ಒಂದು ಉಪಾಯ ಇದೆ. ಟ್ರ್ಯಾಪಿನ ಹೊರಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಸಾಲ್ವೆಂಟ್ ಬಳಿದು, ಹಸಿ ಇರುವಾಗಲೇ ಒಣ ಮರಳು ಉದುರಿಸಿ. ಆ ಒರಟು ಮೈಗೆ ಕಾಂಕ್ರೀಟ್ ಚೆನ್ನಾಗಿ ಹಿಡಿಯುತ್ತದೆ. ಕಾಂಕ್ರೀಟ್ ಹಾಕುವಾಗ ಟ್ರ್ಯಾಪಿನ ಬಾಯಿಗೆ ಗೋಣಿಚೀಲ ತುರುಕಿ, ಮೇಲೆ ಪ್ಲಾಸ್ಟಿಕ್ ಕಟ್ಟಿ. ನಮ್ಮ ಮನೆಯಲ್ಲಿ ಇದೊಂದನ್ನು ಮರೆತಿದ್ದೆವು. ಸಿಮೆಂಟ್ ಒಳಗೆ ಬಿದ್ದು ಕಲ್ಲಾಯಿತು. ಹೊಸ ಟೈಲ್ಸ್ ಒಡೆದು ಎಲ್ಲ ಮೊದಲಿನಿಂದ!

ಹೊಸ ಕಾಂಕ್ರೀಟಿಗೆ ಒಂದು ವಾರ ನೀರುಣಿಸಿ. ಆಮೇಲೆ ಟ್ರ್ಯಾಪಿನ ಕಡೆಗೆ ವಾಟ ಕೊಟ್ಟು ಗಾರೆ ಹಾಕಿ. ನೆಲಕ್ಕೆ ಮೀಟರಿಗೆ ಒಂದೂವರೆ ಸೆಂ.ಮೀ. ಇಳಿಜಾರು ಸಾಕು. ಜಾಸ್ತಿಯಾದರೆ ಕಾಲು ಜಾರುತ್ತದೆ. ಗಾರೆ ಒಣಗಿದ ಮೇಲೆ ವಾಟರ್‌ಪ್ರೂಫ್ ಲೇಪನವನ್ನು ಒಮ್ಮೆ ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಮ್ಮೆ ಅಡ್ಡಕ್ಕೆ ಬಳಿಯಿರಿ. ಗೋಡೆಯ ಮೇಲೂ ಒಂದಡಿ ಏರಿಸಿ. ಶವರ್ ಇರುವ ಗೋಡೆಗೆ ಆರಡಿ ಬೇಕು. ಗೋಡೆ ನೆಲ ಸೇರುವ ಮೂಲೆಗೆ ಮತ್ತು ಟ್ರ್ಯಾಪಿನ ಸುತ್ತ ಫೈಬರ್ ಬಲೆ ಕೂರಿಸಿ.

ಲೇಪನ ಪೂರ್ತಿ ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ, ಬಾಗಿಲಿಗೆ ಗಾರೆಯ ಕಟ್ಟೆ ಕಟ್ಟಿ, 48 ಗಂಟೆ ನೀರು ನಿಲ್ಲಿಸಿ. ಟೈಲ್ಸಿನವರು ಅವಸರ ಮಾಡುತ್ತಾರೆ, ನೀವು ಮಾಡಬೇಡಿ. ಪಕ್ಕದ ಗೋಡೆ ತೇವವಾಗದಿದ್ದರೆ ಟೈಲ್ಸ್ ಹಾಕಿಸಿ. ಟ್ರ್ಯಾಪಿನ ಬಾಯಿಯ ಜಾಲಿ ಸುತ್ತಲಿನ ಟೈಲ್ಸಿಗಿಂತ ಕೂದಲೆಳೆಯಷ್ಟು ತಗ್ಗಿನಲ್ಲಿ ಕೂರಬೇಕು. ಕೊನೆಗೆ ಒಂದು ಬಕೆಟ್ ನೀರು ಸುರಿದು, ಎಲ್ಲಿಯಾದರೂ ನಿಲ್ಲುತ್ತದೆಯೇ ನೋಡಿ. ದುಡ್ಡು ಕೊಡುವ ಮೊದಲೇ ನೋಡಿ.

ಮಹಡಿಯ ಮೇಲಿನ ಸ್ಲ್ಯಾಬಿಗೆ ಇದೇ ಪಾಠ ನಡೆಯುವುದಿಲ್ಲ. ಅಲ್ಲಿ ತೂತು ಹಾಕುವುದು ಕೋರ್ ಕಟ್ಟಿಂಗಿನವರ ಕೆಲಸ. ತೂತು ಎಲ್ಲಿರಬೇಕು ಎಂದು ಹೇಳಬೇಕಾದವರು ಎಂಜಿನಿಯರು. ಕೆಲವು ಹೊಸ ಅಪಾರ್ಟ್‌ಮೆಂಟುಗಳ ಸ್ಲ್ಯಾಬಿನಲ್ಲಿ ಬಿಗಿದು ಕಟ್ಟಿದ ಉಕ್ಕಿನ ಕೇಬಲ್‌ಗಳಿರುತ್ತವೆ. ಒಂದು ತುಂಡಾದರೂ ಅಪಾಯ.

ಅತಿಥಿಗಳಿಗೆಂದು ಮಾಡಿಸಿದ ಬಚ್ಚಲಾದರೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಜಾಲಿಗೆ ಒಂದು ಚೊಂಬು ನೀರು ಹಾಕಿ. ಟ್ರ್ಯಾಪಿನ ನೀರು ಆರಿದರೆ ವಾಸನೆಯ ಜೊತೆ ಜಿರಲೆಯೂ ಮೇಲೆ ಬರುತ್ತದೆ.