ಕ್ಯಾನ್ಸರ್ ಔಷಧಿ ಫೀಲ್ಡಿಗೆ ಹೋಗೋದು ಹೇಗೆ? ಪಿಯುಸಿ ಮುಗಿಸಿದವರಿಗೆ ಪೂರ್ತಿ ದಾರಿ

ಫಾರ್ಮಸಿ ಓದ್ತೀನಿ ಅಂದ್ರೆ ಸಾಕು, "ಮೆಡಿಕಲ್ ಶಾಪ್ ಇಡ್ತೀಯಾ?" ಅಂತ ಕೇಳೋರೇ ಜಾಸ್ತಿ. ಇಡಬಹುದು, ತಪ್ಪೇನಿಲ್ಲ. ಆದ್ರೆ ಇದೇ ಓದಿನಿಂದ ಕ್ಯಾನ್ಸರ್ ಆಸ್ಪತ್ರೇಲಿ ಕೀಮೋ ಡೋಸ್ ಚೆಕ್ ಮಾಡಿ ರೆಡಿ ಮಾಡೋ ಆಂಕಾಲಜಿ ಫಾರ್ಮಸಿಸ್ಟ್ ಆಗಬಹುದು, ಹೊಸ ಕ್ಯಾನ್ಸರ್ ಔಷಧಿ ಹುಡುಕೋ ಲ್ಯಾಬಿಗೂ ಹೋಗಬಹುದು ಅನ್ನೋದು ಸುಮಾರು ಮನೆಗಳಿಗೆ ಗೊತ್ತೇ ಇರಲ್ಲ.

ಮೊದಲ ಹೆಜ್ಜೆ: ಕೋರ್ಸ್ ಆರಿಸ್ಕೊಳ್ಳಿ

ಪಿಯುಸಿ ಸೈನ್ಸ್ ಆಗಿರ್ಬೇಕು, ಬಯಾಲಜಿ ಇದ್ರೂ ಸರಿ ಮ್ಯಾಥ್ಸ್ ಇದ್ರೂ ಸರಿ. ಕೆಸಿಇಟಿ ಬರೆದು ಬಿ.ಫಾರ್ಮ್ (4 ವರ್ಷ) ಅಥವಾ ಫಾರ್ಮ್.ಡಿ (6 ವರ್ಷ, ಕೊನೇ ವರ್ಷ ಇಂಟರ್ನ್‌ಶಿಪ್) ಸೇರಬಹುದು. ಫಾರ್ಮ್.ಡಿ ನಮ್ಮ ದೇಶಕ್ಕೆ ಬಂದಿದ್ದು 2008ರಲ್ಲಿ, ಅದಕ್ಕೇ ಹಿರಿಯರಿಗೆ ಅಷ್ಟಾಗಿ ಪರಿಚಯ ಇಲ್ಲ. ಪೇಷೆಂಟ್ ಹತ್ರ, ವಾರ್ಡಲ್ಲಿ ಕೆಲಸ ಮಾಡೋ ಆಸೆ ಇದ್ರೆ ಫಾರ್ಮ್.ಡಿ, ಲ್ಯಾಬ್ ಕಡೆ ಮನಸ್ಸಿದ್ರೆ ಬಿ.ಫಾರ್ಮ್ ಮಾಡಿ ಆಮೇಲೆ ಎಂ.ಫಾರ್ಮ್, ಇದು ನನ್ನ ಸಲಹೆ. ಬಿ.ಫಾರ್ಮ್ ಆದ್ಮೇಲೆ ಮನಸ್ಸು ಬದಲಾದ್ರೆ 3 ವರ್ಷದ ಫಾರ್ಮ್.ಡಿ ಪೋಸ್ಟ್ ಬ್ಯಾಕಲಾರಿಯೇಟ್ ಇದೆ, ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮಾಡಿದವರು ನೇರ ಬಿ.ಫಾರ್ಮ್ ಎರಡನೇ ವರ್ಷಕ್ಕೆ ಸೇರಬಹುದು. ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯತೆ ಇದೆಯಾ, ಓದೋಕೆ ದೊಡ್ಡ ಆಸ್ಪತ್ರೆ ಜೊತೆಗಿದೆಯಾ ನೋಡಿ. ಎರಡನೇದನ್ನ ಯಾರೂ ಕೇಳಲ್ಲ, ಆದ್ರೆ ಫಾರ್ಮ್.ಡಿಗೆ ಅದೇ ಜೀವಾಳ.

ಎರಡನೇ ಹೆಜ್ಜೆ: ಆ ಕೆಲಸ ಏನು ಅಂತ ಹತ್ತಿರದಿಂದ ನೋಡಿ

ಒಂದು ಡೋಸ್ ಹೇಗೆ ತಯಾರಾಗುತ್ತೆ ನೋಡೋಣ. ಎತ್ತರ 160 ಸೆಂ.ಮೀ, ತೂಕ 58 ಕೆಜಿ ಇರೋ ಸ್ತನ ಕ್ಯಾನ್ಸರ್ ಪೇಷೆಂಟ್ ಅಂದ್ಕೊಳ್ಳಿ. ಎರಡನ್ನೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದ್ರೆ ಮೈಯ ಮೇಲ್ಮೈ ವಿಸ್ತೀರ್ಣ ಹತ್ತತ್ರ 1.6 ಚದರ ಮೀಟರ್ ಬರುತ್ತೆ. ಡಾಕ್ಸೊರುಬಿಸಿನ್ ಅನ್ನೋ ಕೀಮೋ ಔಷಧಿ ಚದರ ಮೀಟರಿಗೆ 60 ಮಿ.ಗ್ರಾಂ ಅಂತ ಡಾಕ್ಟ್ರು ಬರೆದಿದ್ರೆ ಒಟ್ಟು 96 ಮಿ.ಗ್ರಾಂ. ಮುಂದಿನ ಸೈಕಲ್ಲುಗಳಲ್ಲಿ ಊಟ ಸೇರದೆ ತೂಕ 50ಕ್ಕೆ ಇಳಿದಿದ್ರೆ ಇದೇ ಲೆಕ್ಕ 89ರ ಹತ್ರ ಬರುತ್ತೆ, ಆಗ ಹಳೇ ಚೀಟಿ ನೋಡ್ಕೊಂಡು 96ನ್ನೇ ತುಂಬಿಸಿಬಿಟ್ರೆ ಆಗಲ್ಲ, ಡಾಕ್ಟ್ರಿಗೆ ಫೋನ್ ಹಾಕಿ ಕೇಳ್ಬೇಕು. ಈ ಔಷಧಿ ಹಾರ್ಟಿಗೂ ಪೆಟ್ಟು ಕೊಡೋದ್ರಿಂದ ಜೀವಮಾನದಲ್ಲಿ ಒಟ್ಟು ಎಷ್ಟು ಹೋಗಿದೆ ಅಂತ ಕೂಡಿಸ್ತಾ ಬರ್ಬೇಕು, ಸಾಮಾನ್ಯವಾಗಿ ಚದರ ಮೀಟರಿಗೆ 450ರಿಂದ 550 ಮಿ.ಗ್ರಾಂ ಒಳಗೆ ನಿಲ್ಲಿಸ್ತಾರೆ.

ಯಾವ ಕ್ಯಾನ್ಸರ್ ಔಷಧಿಯನ್ನ ಯಾವ ದ್ರವದಲ್ಲಿ ಬೆರೆಸೋದು ಅನ್ನೋದೂ ಗೊತ್ತಿರ್ಬೇಕು. ಆಕ್ಸಾಲಿಪ್ಲಾಟಿನ್ ಡೆಕ್ಸ್‌ಟ್ರೋಸ್‌ನಲ್ಲೇ (ಸಕ್ಕರೆ ದ್ರವ) ಬೆರೆಸ್ಬೇಕು, ಸಲೈನ್ (ಉಪ್ಪಿನ ದ್ರವ) ಸೇರಿಸಂಗಿಲ್ಲ. ಟ್ರಾಸ್ಟುಜುಮ್ಯಾಬ್‌ಗೆ ಉಲ್ಟಾ, ಸಲೈನೇ ಆಗ್ಬೇಕು. ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಕೊಟ್ರೆ ಔಷಧಿ, ತಪ್ಪಿ ಬೆನ್ನುಹುರಿ ದ್ರವಕ್ಕೆ ಹೋದ್ರೆ ಪ್ರಾಣವೇ ಹೋಗುತ್ತೆ, ಅದಕ್ಕೇ ಅದನ್ನ ಸಿರಿಂಜಲ್ಲಿ ಕಳಿಸದೆ ಚಿಕ್ಕ ಡ್ರಿಪ್ ಬ್ಯಾಗಲ್ಲಿ ಕಳಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು. ಇಷ್ಟೆಲ್ಲಾ ಮಾಡೋದು ಬಯೋಸೇಫ್ಟಿ ಕ್ಯಾಬಿನೆಟ್ (ಔಷಧಿ ಕಣ ಹೊರಗೆ ಬರದಂತೆ ತಡೆಯೋ ಪೆಟ್ಟಿಗೆ) ಒಳಗೆ ಕೈಯಿಟ್ಟು, ಎರಡೆರಡು ಗ್ಲೌಸ್ ಮತ್ತೆ ಗೌನ್ ಹಾಕ್ಕೊಂಡು, ಯಾಕಂದ್ರೆ ಆ ಔಷಧಿ ಬೆರೆಸೋರ ಮೈಗೂ ಒಳ್ಳೇದಲ್ಲ. ಈ ರಕ್ಷಣೆ ಇಲ್ಲದ ಕಡೆ ಕೀಮೋ ಮಿಕ್ಸ್ ಮಾಡು ಅಂದ್ರೆ ದಯವಿಟ್ಟು ಒಪ್ಕೋಬೇಡಿ, ಗರ್ಭಿಣಿಯರಂತೂ ಆ ಕೆಲಸದಿಂದ ದೂರ ಇರಬೇಕು. ಇಂಟರ್ನ್‌ಶಿಪ್ ಟೈಮಲ್ಲಿ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೇಲೋ ನಿಮ್ಮ ಮೆಡಿಕಲ್ ಕಾಲೇಜಿನ ಆಂಕಾಲಜಿ ವಿಭಾಗದಲ್ಲೋ ಪೋಸ್ಟಿಂಗ್ ಸಿಗುತ್ತಾ ಅಂತ ನೀವೇ ಹೋಗಿ ಕೇಳಿ, ಕಾಲೇಜಿನವರು ಕೊಡ್ಲಿ ಅಂತ ಕಾಯ್ಬೇಡಿ.

ಮೂರನೇ ಹೆಜ್ಜೆ: ಮುಂದಿನ ಓದು

ಎಂ.ಫಾರ್ಮ್‌ಗೆ ಜಿಪ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ, ನೈಪರ್‌ಗಳಿಗೆ (ಕೇಂದ್ರ ಸರ್ಕಾರದ ಫಾರ್ಮಸಿ ಸಂಸ್ಥೆಗಳು) ನೈಪರ್ ಜೆಇಇ. ರಿಸರ್ಚ್ ಕಡೆ ಹೋಗೋರು ಫಾರ್ಮಕಾಲಜಿನೋ ಫಾರ್ಮಾಸ್ಯುಟಿಕಲ್ ಕೆಮಿಸ್ಟ್ರಿನೋ ತಗೊಳ್ಳಿ. ಆಸ್ಪತ್ರೆ ಕಡೆಯವರಿಗೆ ಫಾರ್ಮಸಿ ಪ್ರಾಕ್ಟೀಸ್. ಆಮೇಲೆ ಕೆಲ ವರ್ಷ ಆಂಕಾಲಜಿ ಅನುಭವ ಆದ್ರೆ ಅಮೆರಿಕದ ಬೋರ್ಡಿನವರ ಬಿಸಿಒಪಿ (ಆಂಕಾಲಜಿ ಫಾರ್ಮಸಿಸ್ಟ್ ಸರ್ಟಿಫಿಕೇಟ್) ಪರೀಕ್ಷೆ ಬರೀಬಹುದು, ಹೊರದೇಶದಲ್ಲೂ ಅದಕ್ಕೆ ಬೆಲೆ ಇದೆ.

ನಾಲ್ಕನೇ ಹೆಜ್ಜೆ: ರಿಸರ್ಚ್ ಬಾಗಿಲು

ಮನೆ ಮುಂದೆ ಬೆಳೆಯೋ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್ ಬಂದಿದ್ದು, ನಮ್ಮ ಪಶ್ಚಿಮ ಘಟ್ಟದ ನೊತಾಪೊಡೈಟಿಸ್ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ, ಇರಿನೊಟೆಕಾನ್ ಅನ್ನೋ ಕ್ಯಾನ್ಸರ್ ಔಷಧಿ ಮಾಡೋದು ಅದರಿಂದಲೇ. ಇಂಥ ಒಂದು ವಸ್ತು ಲ್ಯಾಬ್ ದಾಟಿ, ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ, ಮನುಷ್ಯರ ಮೇಲಿನ ಮೂರು ಹಂತದ ಟ್ರಯಲ್ ಮುಗಿಸೋಕೆ ಎಷ್ಟೋ ವರ್ಷ ಬೇಕು, ಬಹುಪಾಲು ದಾರಿಯಲ್ಲೇ ಬಿದ್ದೋಗುತ್ತೆ, ಆ ತಾಳ್ಮೆ ಇದ್ದೋರು ಮಾತ್ರ ಬನ್ನಿ. ಬೆಂಗಳೂರಲ್ಲೇ ಬಯೋಕಾನ್, ಸಿಂಜೀನ್, ಆರಿಜೀನ್ ಥರದ ಕಂಪನಿಗಳಿವೆ. ಐಐಟಿ ಬಾಂಬೆ ಮತ್ತೆ ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ಕಾರ್-ಟಿ ಚಿಕಿತ್ಸೆಗೆ (ಪೇಷೆಂಟಿನ ರೋಗನಿರೋಧಕ ಕಣಗಳನ್ನೇ ಬದಲಾಯಿಸಿ ಕ್ಯಾನ್ಸರ್ ಮೇಲೆ ಬಿಡೋದು) 2023ರಲ್ಲಿ ಒಪ್ಪಿಗೆ ಸಿಕ್ತು. ಬೆಲೆ ವಿಷಯ ಮರೀಬೇಡಿ: 2012ರಲ್ಲಿ ಸೊರಾಫೆನಿಬ್ ಅನ್ನೋ ಕ್ಯಾನ್ಸರ್ ಮಾತ್ರೆಗೆ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಇದ್ರೂ ಬೇರೆ ಕಂಪನಿ ತಯಾರಿಸೋಕೆ ಸರ್ಕಾರದ ಅನುಮತಿ) ಕೊಟ್ಟಾಗ ತಿಂಗಳಿಗೆ 2.8 ಲಕ್ಷ ಆಗ್ತಿದ್ದ ಖರ್ಚು 8,880 ರೂಪಾಯಿಗೆ ಇಳೀತು. ಅಗ್ಗವಾಗಿ ತಯಾರಿಸೋದೂ ದೊಡ್ಡ ಸಂಶೋಧನೆನೇ.

ಮೊದಲ ಕೆಲಸ ಫಾರ್ಮಕೊವಿಜಿಲೆನ್ಸ್‌ನಲ್ಲೋ (ಔಷಧಿಗಳ ಸೈಡ್ ಎಫೆಕ್ಟ್ ದಾಖಲಿಸಿ ಗಮನಿಸೋ ಕೆಲಸ) ಟ್ರಯಲ್ ಕೋಆರ್ಡಿನೇಟರ್ ಆಗೋ ಸಿಕ್ರೆ ಬೇಡ ಅನ್ಬೇಡಿ, ಸೈಡ್ ಎಫೆಕ್ಟ್ ಓದೋ ಅಭ್ಯಾಸ ಅಲ್ಲೇ ಬರೋದು.

ಕೊನೇದು: ಪೇಷೆಂಟಿಗೆ ಕನ್ನಡದಲ್ಲಿ ಹೇಳೋಕೆ ಕಲೀರಿ

ರಾಯಚೂರಿಂದ, ಚಾಮರಾಜನಗರದಿಂದ ಬಂದವರ ಕೈಗೆ ಕೇಪ್‌ಸಿಟಾಬಿನ್ ಅನ್ನೋ ಕೀಮೋ ಮಾತ್ರೆ ಕೊಟ್ಟು ಇಂಗ್ಲಿಷ್ ಚೀಟಿ ಕೊಟ್ರೆ ಏನು ಉಪಯೋಗ? "ಅಮ್ಮಾ, ಊಟ ಆಗಿ ಅರ್ಧ ಗಂಟೆ ಒಳಗೆ ತಗೊಳ್ಳಿ, 14 ದಿನ ಆದ್ಮೇಲೆ 7 ದಿನ ಬಿಡಿ, ಅಂಗೈ ಅಂಗಾಲು ಕೆಂಪಾಗಿ ಉರಿ ಬಂದ್ರೆ ಮುಂದಿನ ಮಾತ್ರೆ ನುಂಗೋ ಮೊದ್ಲು ಫೋನ್ ಮಾಡಿ, ಜ್ವರ 100.4 ಮುಟ್ಟಿದ್ರೆ ರಾತ್ರಿ ಆದ್ರೂ ಸರಿ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಸ್ಪತ್ರೆಗೆ ಬಂದ್ಬಿಡಿ" ಅಂತ ಹೇಳಿ, ಅವರ ಬಾಯಲ್ಲೇ ಒಂದ್ಸಲ ವಾಪಸ್ ಹೇಳಿಸಿ, ಜೊತೆಗೆ ಬಂದಿರೋ ಮಗನಿಗೋ ಸೊಸೆಗೋ ಇನ್ನೊಂದ್ಸಲ ಹೇಳಿ ಕಳಿಸಿ.