ಫೋರ್ಟ್ ಫಿಲ್ ಕಾರ್ನಿ: ನೋಡುವುದಕ್ಕೊಂದು ಕ್ರಮವಿದೆ

ಡೆನ್ವರ್‌ನಿಂದ ಯೆಲ್ಲೋಸ್ಟೋನ್‌ಗೆ ಕಾರಿನಲ್ಲಿ ಹೊರಟಿದ್ದರೆ, ವಯೋಮಿಂಗ್‌ನ ಬಫಲೋ ಊರು ದಾಟಿ ಐ-90 ಹೆದ್ದಾರಿಯಲ್ಲಿ 44ನೇ ಎಕ್ಸಿಟ್ ತಗೊಳ್ಳಿ. ಮನೆಗೆ ಬಂದ ನೆಂಟರನ್ನೆಲ್ಲ ನಾನು ಇಲ್ಲಿ ಇಳಿಸುತ್ತೇನೆ. ಚಿತ್ರದುರ್ಗ ನೋಡಿ ಬೆಳೆದವರು ಕೇಳುವುದು ಒಂದೇ: "ಕೋಟೆ ಎಲ್ಲಪ್ಪಾ?" ಇರುವುದು ಹುಲ್ಲುಗಾವಲು, ಆಮೇಲೆ ಮತ್ತೆ ನಿಲ್ಲಿಸಿದ ಮರದ ಗೋಡೆಯ ಒಂದು ತುಂಡು, ಒಂದು ಸಣ್ಣ ಮ್ಯೂಸಿಯಂ. 1866ರ ಜುಲೈನಲ್ಲಿ ಕಟ್ಟಲು ಶುರು ಮಾಡಿದ ಕೋಟೆಯನ್ನು 1868ರ ಬೇಸಿಗೆಯಲ್ಲೇ ಬಿಟ್ಟು ಹೋದರು. ಆದ್ದರಿಂದ ಕಟ್ಟಡ ಹುಡುಕಬೇಡಿ, ಸುತ್ತಲಿನ ಗುಡ್ಡ ನೋಡಿ.

ಮೊದಲು ಪಶ್ಚಿಮಕ್ಕೆ ತಿರುಗಿ ನಿಲ್ಲಿ. ಅದು ಬಿಗ್‌ಹಾರ್ನ್ ಬೆಟ್ಟಸಾಲು. ಪೈನ್ ಮರ ಸಿಗುತ್ತಿದ್ದದ್ದು ಆ ಕಡೆ, ಐದಾರು ಮೈಲಿ ದೂರದಲ್ಲಿ. ಮೊಂಟಾನಾದ ಚಿನ್ನಕ್ಕೆ ಹೊರಟವರ ಬೋಜ್‌ಮನ್ ದಾರಿ ಕಾಯಲು ಅಮೆರಿಕ ಸೈನ್ಯದ ಕರ್ನಲ್ ಕ್ಯಾರಿಂಗ್ಟನ್ ಇಲ್ಲಿ ಬೀಡು ಬಿಟ್ಟ. ಗೋಡೆಗೂ ಮರ ಬೇಕು, ಒಲೆಗೂ ಮರ ಬೇಕು. ಗಾಡಿಗಳು ಕಾಡಿಗೆ ಹೋಗಿ ಬರುತ್ತಲೇ ಇರಬೇಕು. ತಮ್ಮ ಬೇಟೆಯ ನೆಲ ಉಳಿಸಿಕೊಳ್ಳಲು ಹೊರಟ ಲಕೋಟಾ, ಶೈಯೆನ್, ಅರಪಾಹೊ ಎಂಬ ಮೂಲನಿವಾಸಿ ಜನ ಗೋಡೆಗೆ ಸುಮ್ನೆ ತಲೆ ಚಚ್ಚಿಕೊಳ್ಳಲಿಲ್ಲ. ಗಾಡಿಗಳನ್ನೇ ಹಿಡಿದರು. ಜಾಣತನ ಅಲ್ವಾ?

ಈಗ ಉತ್ತರಕ್ಕೆ ನೋಡಿ. ಉದ್ದಕ್ಕೆ ಮಲಗಿದ ದಿಬ್ಬ ಲಾಡ್ಜ್ ಟ್ರೇಲ್ ರಿಡ್ಜ್. ಅದನ್ನು ದಾಟಬೇಡ ಎಂದು ಕ್ಯಾಪ್ಟನ್ ಫೆಟರ್‌ಮನ್‌ಗೆ ಹೇಳಿಯೇ ಕಳಿಸಿದ್ದೆ ಅಂತ ಕ್ಯಾರಿಂಗ್ಟನ್ ಆಮೇಲೆ ಹೇಳಿದ. 1866ರ ಡಿಸೆಂಬರ್ 21ರಂದು ಫೆಟರ್‌ಮನ್ ತಂಡ, ಓಡಿದಂತೆ ನಟಿಸಿದ ಸವಾರರ ಬೆನ್ನು ಹತ್ತಿ ದಾಟಿಬಿಟ್ಟಿತು. ಇಬ್ಬರು ನಾಗರಿಕರೂ ಸೇರಿ 81 ಜನ ಸತ್ತರು.

ಕಾರು ಹತ್ತಿ ಕೆಲವು ಮೈಲಿ ಉತ್ತರಕ್ಕೆ ಹೋಗಿ, ಆ ಕಾಳಗದ ಜಾಗದಲ್ಲಿ ಇಳಿಯಿರಿ. ನಿಂತಲ್ಲಿಂದ ಕೋಟೆಯ ಬಯಲು ಹುಡುಕಿ. ಕಾಣುವುದಿಲ್ಲ, ದಿಬ್ಬ ಅಡ್ಡ. ಗುಂಡಿನ ಸದ್ದು ಕೇಳಿಸಿತೇ ಹೊರತು ಕೋಟೆಯವರಿಗೆ ಏನೂ ಕಾಣಲಿಲ್ಲ. ಅಲ್ಲಿನ ಸ್ಮಾರಕದ ಮೇಲೆ ಯಾರೂ ಬದುಕುಳಿಯಲಿಲ್ಲ ಎಂದು ಕೆತ್ತಿದ್ದಾರೆ. ಗೆದ್ದು ಹೋದವರು ಅಷ್ಟೊಂದು ಜನ ಇದ್ದರಲ್ಲ, ಅವರು ಲೆಕ್ಕಕ್ಕೇ ಇಲ್ಲ! ನಡೆಯುವಾಗ ಕಾಲುದಾರಿ ಬಿಡಬೇಡಿ, ಹುಲ್ಲಿನಲ್ಲಿ ಹಾವಿರುತ್ತದೆ. ಗಾಳಿ ಜಾಸ್ತಿ, ಜಾಕೆಟ್ ಇರಲಿ.

ಹೊತ್ತಿದ್ದರೆ ಸ್ಟೋರಿ ಊರಿನ ಹತ್ತಿರ ವ್ಯಾಗನ್ ಬಾಕ್ಸ್ ಜಾಗಕ್ಕೂ ಹೋಗಿ. 1867ರ ಆಗಸ್ಟ್ 2ರಂದು ಕೋಟೆಯ ಕಡೆಯ 32 ಜನ ಗಾಡಿಯ ಪೆಟ್ಟಿಗೆಗಳ ಮರೆಯಲ್ಲಿ, ಬೇಗ ಗುಂಡು ತುಂಬಬಹುದಾದ ಹೊಸ ಬಂದೂಕು ಹಿಡಿದು ಗಂಟೆಗಟ್ಟಲೆ ತಡೆದು ನಿಂತದ್ದು ಅಲ್ಲಿ. ಆದರೂ ಈ ಜನರ ಜೊತೆ ಸರ್ಕಾರ ಮಾಡಿಕೊಂಡ ಮರುವರ್ಷದ ಒಪ್ಪಂದದಂತೆ ಸೈನ್ಯ ಜಾಗ ಖಾಲಿ ಮಾಡಿತು. ಶೈಯೆನ್ ಜನ ಕೋಟೆ ಸುಟ್ಟರು. ಲಕೋಟಾ ನಾಯಕ ರೆಡ್ ಕ್ಲೌಡ್ ಆ ಒಪ್ಪಂದಕ್ಕೆ ಸಹಿ ಹಾಕಿದ್ದು ಬೋಜ್‌ಮನ್ ದಾರಿಯ ಕೋಟೆಗಳು ಖಾಲಿಯಾದ ಮೇಲೆಯೇ.

ಊಟಕ್ಕೆ ಶೆರಿಡನ್‌ಗೆ ಹೋಗಿ, ಯೆಲ್ಲೋಸ್ಟೋನ್ ದಾರಿ ಅಲ್ಲಿಂದಲೂ ಇದೆ.